ಹತ್ತು ಇಳಿಸಿ, ಐದು ಏರಿಸಿ

ಹೆಂಡತಿಯ ಕಿವಿ ಸ್ವಲ್ಪ ಮಂದವಾಗಿಬಿಟ್ಟಿದ್ದರೆ ಎಷ್ಟು ಒಳ್ಳೆಯದು ಎಂಬ ಯೋಚನೆ ಮೆಟ್ಟಿಲು ಹತ್ತುವಾಗ ಅವನ ತಲೆಯಲ್ಲಿ ಹಾದುಹೋಯಿತು. ಹಾದುಹೋಗಲಿಲ್ಲ, ಬಂದು ಕೂತಿತು. ಅವನಿಗಿಂತ ಎರಡು ಮೆಟ್ಟಿಲು ಮುಂದೆ ಅವಳು ಹತ್ತುತ್ತಿದ್ದಳು, ಕೈಚೀಲವನ್ನು ಹೊಟ್ಟೆಗೆ ಅವಚಿಕೊಂಡು, ಗೋಡೆಯ ಕಡೆಗೇ ಸರಿದು, ಥೇಟ್ ಅವನ ರೋಗಿಗಳು ಹತ್ತುವ ಹಾಗೆ. ಛೆ, ಇದೆಂಥ ಯೋಚನೆ, ಕಟ್ಟಿಕೊಂಡವಳಿಗೆ ಕಿವುಡು ಬರಲಿ ಎನ್ನುವುದೇ, ಅದೂ ನಾನು, ದಿನಕ್ಕೆ ಎರಡು ಹೊತ್ತು ಕಣ್ಣು ಮುಚ್ಚಿ ಕೂತು ಲೋಕಕ್ಕೆಲ್ಲ ಒಳ್ಳೆಯದಾಗಲಿ ಎನ್ನುವವನು, ಎಂದುಕೊಂಡ. ಮೊದಲ ಮಹಡಿಯಲ್ಲಿ ಕಿವಿ ಮೂಗು ಗಂಟಲಿನ ಡಾಕ್ಟರರ ಬಾಗಿಲು ಭಾನುವಾರವಾದ್ದರಿಂದ ಮುಚ್ಚಿತ್ತು. ಹದಿನಾಲ್ಕು ವರ್ಷದಿಂದ ಆ ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಜನ ಎರಡನೆಯ ಮಹಡಿಗೆ ಹತ್ತಿ ಅವನ ಮುಂದೆ ಕೂರುತ್ತಾರೆ. ಅವನು ಅವರ ಕಿವಿ ಅಳೆದು ಕೊಡುತ್ತಾನೆ. ಕೆಲವರು ಅವನನ್ನೂ ಡಾಕ್ಟರೇ ಎನ್ನುತ್ತಾರೆ. ಮೊದಮೊದಲು ತಿದ್ದುತ್ತಿದ್ದ, ಆಮೇಲೆ ಸುಮ್ಮನಾದ, ಈಗ ಯಾರಾದರೂ ಹಾಗೆ ಕರೆಯದಿದ್ದರೆ ಒಳಗೆಲ್ಲೋ ಚುರುಕ್ಕೆನ್ನುತ್ತದೆ. ನಾಲ್ಕು ವರ್ಷ ಕಣ್ಣು ಮುಚ್ಚಿ ಕೂತರೂ ಆ ಚುರುಕು ಹೋಗಿಲ್ಲವಲ್ಲ ಎಂಬುದು ಇನ್ನೊಂದು ಕಿರಿಕಿರಿ.

ಬೀಗ ತೆಗೆದು, ಚಪ್ಪಲಿಯನ್ನು ಹೊರಗೇ ಬಿಟ್ಟು, ಪರದೆ ಸರಿಸಿ, ಕಿವಿ ಅಳೆಯುವ ಮೆಷಿನ್ನಿನ ಸ್ವಿಚ್ಚು ಹಾಕಿದ. ಅದು ಬಿಸಿಯಾಗಲು ಹತ್ತು ನಿಮಿಷ ಬೇಕು. ಅವಳು ರೋಗಿಗಳ ಬೆಂಚಿನ ಮೇಲೆ ಕೂತು ಗೋಡೆಯ ಮೇಲಿನ ಕಿವಿಯ ಚಿತ್ರ ನೋಡುತ್ತಿದ್ದಳು. ಇಷ್ಟು ವರ್ಷದಲ್ಲಿ ಅವಳು ಇಲ್ಲಿಗೆ ಬಂದದ್ದು ಎರಡೋ ಮೂರೋ ಸಲ. ಶಿಶುವಿಹಾರದಲ್ಲಿ ನಲವತ್ತು ಮಕ್ಕಳಿಗೆ ಟೀಚರು ಅವಳು; ಮಧ್ಯಾಹ್ನದವರೆಗೆ ಆ ನಲವತ್ತು ಗಂಟಲು, ಆಮೇಲೆ ಮನೆ, ಮನೆಯಲ್ಲಿ ಅವನ ತಂದೆಯ ಕೂಗು. ತಂದೆಗೆ ಕಿವಿಗೆ ಹಾಕುವ ಮೆಷಿನನ್ನು ಅವನೇ ಆರಿಸಿ, ಅಚ್ಚು ತೆಗೆಸಿ, ಕೂರಿಸಿ ಕೊಟ್ಟಿದ್ದ. ಅವರು ಅದನ್ನು ಕಿವಿಯಲ್ಲಿ ಇಟ್ಟುಕೊಳ್ಳುವುದಕ್ಕಿಂತ ಜೇಬಿನಲ್ಲಿ ಇಟ್ಟುಕೊಳ್ಳುವುದೇ ಹೆಚ್ಚು, ಜೇಬಿನಲ್ಲಿ ಅದು ಸಣ್ಣಗೆ ಕುಯ್ಯೆನ್ನುತ್ತಿರುತ್ತದೆ, ಮನೆಯಲ್ಲಿ ಎಲ್ಲರಿಗೂ ಕೇಳಿಸುತ್ತದೆ, ಅವರಿಗೊಬ್ಬರಿಗೆ ಬಿಟ್ಟು. ಊರಿಗೆಲ್ಲ ಕಿವಿ ಕೊಡುವವನ ಮನೆಯಲ್ಲೇ ಹೀಗೆ ಎಂದು ಅವಳು ಹಿಂದೆ ತಮಾಷೆ ಮಾಡುತ್ತಿದ್ದಳು. ಹಿಂದೆ ಅವಳು ಎಷ್ಟೋ ತಮಾಷೆ ಮಾಡುತ್ತಿದ್ದಳು. ಯಾವತ್ತಿನಿಂದ ನಿಂತಿತು ಎಂದು ಲೆಕ್ಕ ಹಾಕಲು ಹೋದರೆ ಸಿಗುವುದಿಲ್ಲ. ಫ್ಯಾನು ನಿಂತದ್ದು ಸೆಕೆಯಾದ ಮೇಲೇ ತಿಳಿಯುವುದು.

ಅವನಿಗೆ ಖಚಿತವಾಗಿ ನೆನಪಿದ್ದದ್ದು ಒಂದು ಸಂಜೆ. ಕೂರುವ ಹೊತ್ತಾಗಿತ್ತು. ಅವರ ಮನೆಯಲ್ಲಿ ಧ್ಯಾನ ಎಂಬ ಮಾತೇ ಇಲ್ಲ, ಕೂರುವುದು ಎನ್ನುತ್ತಾರೆ. ಅಪ್ಪ ಕೂತಿದ್ದಾರೆ ಎಂದರೆ ಟೀವಿಯ ಸದ್ದು ಇಳಿಯುತ್ತದೆ, ಪಾತ್ರೆಗಳು ಒಂದಕ್ಕೊಂದು ತಾಗದೆ ಕೆಳಗಿಳಿಯುತ್ತವೆ, ಬಾಗಿಲಿಗೆ ಬಂದ ಪಕ್ಕದ ಮನೆಯವರು ಏನೋ ಮನೆಯಲ್ಲಿ ಕಾಯಿಲೆಯಿದೆ ಎಂಬಂತೆ ಮುಖ ಮಾಡಿಕೊಂಡು ವಾಪಸು ಹೋಗುತ್ತಾರೆ. ಮಗಳಿಗೆ ಹುಟ್ಟಿದಾಗಿನಿಂದ ಬಾಯಿಗೆ ಬಿಡುವಿಲ್ಲವೆಂದು ತಾತ ಇಟ್ಟ ಹೆಸರು ಚಿನಕುರುಳಿ. ಈಗ ಹತ್ತು ವರ್ಷದ ಆ ಚಿನಕುರುಳಿ ಶಾಲೆಯಿಂದ ಬಂದರೆ ಚಪ್ಪಲಿಯನ್ನು ಹೊರಗೆ ಬಿಡುವುದಿಲ್ಲ, ಒಳಗೂ ಹಾಕಿಕೊಂಡು ಬರುವುದಿಲ್ಲ. ಕಳಚಿ, ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಅವನ ಕೋಣೆಯನ್ನು ದಾಟಿ ಹಿತ್ತಲಲ್ಲಿ ಇಡುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ. ಎಷ್ಟು ಸೂಕ್ಷ್ಮದ ಮಗು ಎಂದು ಅವನು ಒಮ್ಮೆ ಹೆಮ್ಮೆಪಟ್ಟಿದ್ದ. ಆ ಸಂಜೆ ಅವನು ಕೋಣೆಯ ಬಾಗಿಲು ಎಳೆದುಕೊಳ್ಳುತ್ತಿರುವಾಗ ಅಡುಗೆಮನೆಯಿಂದ ಅವಳು ಯಾರೊಂದಿಗೋ, ಬಹುಶಃ ತನ್ನೊಂದಿಗೇ, ಏನೋ ಹೇಳುತ್ತಿದ್ದಳು. ಮೊದಲರ್ಧ ಬಾಗಿಲಿನ ಕಿರ್ರ್ ಸದ್ದಿನಲ್ಲಿ ಮುಳುಗಿಹೋಯಿತು. ಕಡೆಯದಷ್ಟೇ ಸ್ಪಷ್ಟವಾಗಿ ಬಂತು: “ಈಗೀಗ ಏನೂ ಕೇಳಲ್ಲ.”

ಅಂದು ಅವನ ಕೂರುವಿಕೆ ಕೆಟ್ಟಿತು. ಉಸಿರಿನ ಬೆನ್ನು ಹತ್ತುವ ಬದಲು ಮನಸ್ಸು ಅವಳ ಕಿವಿಯ ಬೆನ್ನು ಹತ್ತಿತು. ನಲವತ್ತು ಮಕ್ಕಳ ಗಲಾಟೆ, ವಯಸ್ಸು, ಅವಳ ತಾಯಿಗೂ ಕೊನೆಗೆ ಹೀಗೇ ಆಗಿತ್ತಲ್ಲವೇ. ಆಮೇಲೆ ಒಂದೊಂದಾಗಿ ಎಲ್ಲವೂ ತಾಳೆಯಾಗತೊಡಗಿತು. ಕರೆದರೆ ಅವಳು ತಿರುಗಿ ನೋಡುವುದಿಲ್ಲ. ಕೇಳಿದ್ದಕ್ಕೆ ಉತ್ತರವಿಲ್ಲ. ಮೂವತ್ತು ದಿನ ಮನೆ ಬಿಟ್ಟು ಕೂರಲು ಹೋಗುವ ವಿಷಯವನ್ನು ಅವನು ಒಂದಲ್ಲ ಎರಡು ಸಲ ಎತ್ತಿದ್ದ. ಒಮ್ಮೆ ಅವಳು ಬಟ್ಟೆ ಮಡಿಸುತ್ತಿದ್ದಾಗ, ಇನ್ನೊಮ್ಮೆ ತಂದೆಯ ಕಣ್ಣಿಗೆ ಔಷಧಿ ಬಿಟ್ಟು ಕೈ ತೊಳೆಯುತ್ತಿದ್ದಾಗ. ಎರಡು ಸಲವೂ ಅವಳು ಮಾಡುತ್ತಿದ್ದ ಕೆಲಸವನ್ನು ಮುಗಿಸಿ ಎದ್ದುಹೋಗಿದ್ದಳು. ಕೇಳಿಸಿಲ್ಲ ಪಾಪ, ಎಂದುಕೊಂಡಾಗ ಅವನಿಗೆ ಮರುಕವಾಯಿತು, ಮರುಕದ ಅಡಿಯಲ್ಲಿ ಒಂದು ನಿರಾಳ.

ಆ ಮೂವತ್ತು ದಿನದ ಅರ್ಜಿ ಈಗ ಅವನ ಅಂಗಿಯ ಜೇಬಿನಲ್ಲೇ ಇತ್ತು, ನಾಲ್ಕು ಮಡಿಕೆಯಾಗಿ. ಮೂವತ್ತು ದಿನ ಮಾತಿಲ್ಲದೆ, ಮನೆಯವರ ಸಂಪರ್ಕವಿಲ್ಲದೆ, ಧ್ಯಾನಕೇಂದ್ರದ ಒಂದು ಮಂಚ ಒಂದು ಕಿಟಕಿಯ ಕೋಣೆಯಲ್ಲಿ ಕೂರುವುದು. ನಾಲ್ಕು ವರ್ಷ ಬಿಡದೆ ಕೂತವರಿಗೆ ಮಾತ್ರ ಅವಕಾಶ. ಹೆಸರು, ವಯಸ್ಸು, ಕಾಯಿಲೆ ಕಸಾಲೆ ಎಲ್ಲ ತುಂಬಿದ್ದ. ಕೊನೆಯಲ್ಲಿ ‘ಮನೆಯವರ ಒಪ್ಪಿಗೆ’ ಎಂದು ಅಚ್ಚಾಗಿ, ಮುಂದೆ ಒಂದು ಖಾಲಿ ಗೆರೆ. ನಾಳೆ ಕೊನೆಯ ದಿನ. ಅವಳನ್ನು ಕೇಳಬೇಕು, ಕೇಳಲೇಬೇಕು. ಆದರೆ ಕಿವಿ ಸರಿಯಿಲ್ಲದವಳನ್ನು ಕೇಳುವುದು ಹೇಗೆ, ಮೊದಲು ಕಿವಿ ನೋಡೋಣ, ಎಂದು ಅವನು ತನಗೆ ತಾನೇ ಹೇಳಿಕೊಂಡು ಬೆಳಿಗ್ಗೆ ಅವಳಿಗೆ, ಮಧ್ಯಾಹ್ನ ಬಾ, ಒಂದು ಪರೀಕ್ಷೆ ಮಾಡಿಬಿಡೋಣ ಎಂದಿದ್ದ. ಅವಳು ಯಾಕೆ ಎನ್ನಲಿಲ್ಲ. ತಂದೆಯನ್ನು ನೋಡಿಕೊಂಡಿರಲು ಮಗಳಿಗೆ ಹೇಳಿ, ಸೀರೆ ಬದಲಾಯಿಸಿ, ಕನ್ನಡಿಯ ಮುಂದೆ ಒಂದು ನಿಮಿಷ ಹೆಚ್ಚಾಗಿಯೇ ನಿಂತು ಹೊರಟುಬಂದಿದ್ದಳು.

ಮೆಷಿನ್ನಿನ ಹಸಿರು ದೀಪ ಹತ್ತಿತು. ಅವನು ಬೂತಿನ ದಪ್ಪ ಬಾಗಿಲು ಎಳೆದ. ಬೂತೆಂದರೆ ಕೋಣೆಯೊಳಗೆ ಇನ್ನೊಂದು ಕೋಣೆ, ಒಬ್ಬರು ಕೂರುವಷ್ಟು. ಒಳಗೋಡೆಗೆಲ್ಲ ಬೂದುಬಣ್ಣದ ಸ್ಪಂಜು, ಎದುರಿಗೆ ಎರಡು ಪದರದ ಗಾಜಿನ ಸಣ್ಣ ಕಿಟಕಿ. ಬಾಗಿಲು ಹಾಕಿದರೆ ಹೊರಗೆ ಬಾಂಬು ಬಿದ್ದರೂ ಒಳಗೆ ತಿಳಿಯದು. ಇಲ್ಲಿಯೇ ಅವನಿಗೆ ಕೂರುವ ಚಟ ಹತ್ತಿದ್ದು. ನಾಲ್ಕು ವರ್ಷದ ಹಿಂದೆ ರೈಲಿನ ಎಂಜಿನು ಓಡಿಸಿ ನಿವೃತ್ತರಾದ ಒಬ್ಬ ಹಿರಿಯರು ಪರೀಕ್ಷೆಗೆ ಬಂದಿದ್ದರು. ಅರ್ಧ ಕಿವಿ ಎಂಜಿನ್ನಿಗೇ ಹೋಗಿತ್ತು. ಪರೀಕ್ಷೆ ಮುಗಿದ ಮೇಲೂ ಅವರು ಎದ್ದು ಬರಲಿಲ್ಲ. ಬಾಗಿಲು ತೆಗೆದು ನೋಡಿದರೆ ಕಣ್ಣು ಮುಚ್ಚಿ ನೆಟ್ಟಗೆ ಕೂತಿದ್ದಾರೆ. ಇಂಥ ಜಾಗ ಇಟ್ಟುಕೊಂಡು ನೀವು ಹೊರಗೆ ಕೂತಿದ್ದೀರಲ್ಲಪ್ಪ ಎಂದು ನಕ್ಕಿದ್ದರು. ಸದ್ದು ಬರುತ್ತದೆ, ಹೋಗುತ್ತದೆ, ನೀವು ಅದರ ಹಿಂದೆ ಹೋಗಬೇಡಿ, ಅಷ್ಟೇ ವಿದ್ಯೆ, ಎಂದು ಅವರು ಕಲಿಸಿದ್ದು. ಅಂದಿನಿಂದ ಊಟದ ಬಿಡುವಿನಲ್ಲಿ ಬೂತು, ಬೆಳಿಗ್ಗೆ ಸಂಜೆ ಮನೆಯ ಕೋಣೆ.

ಕಳೆದ ವಾರ ಸಂಜೆ ಒಂದು ಸದ್ದು ಬಂದಿತ್ತು. ಬಚ್ಚಲಿನ ಕಡೆಯಿಂದ, ಧೊಪ್ಪೆಂದು, ಗಟ್ಟಿಯಾದರೂ ಮೆತ್ತನೆಯ ಸದ್ದು. ತಗ್ಗಿನ ಸ್ವರ, ಇನ್ನೂರೈವತ್ತು ಹರ್ಟ್ಸ್ ಆಸುಪಾಸು, ಎಂದಿತು ಅವನೊಳಗಿನ ಕಸುಬುದಾರ. ಬಿಡು, ಹಿಂದೆ ಹೋಗಬೇಡ, ಎಂದಿತು ಇನ್ನೊಂದು. ಆಮೇಲೆ ಬಕೆಟ್ಟು ಉರುಳಿದ ಸದ್ದು, ಅವಳ ಓಟದ ಹೆಜ್ಜೆ, ಅವನ ಕೋಣೆಯ ಬಾಗಿಲಿನ ತನಕ ಬಂದು ನಿಂತ ಹೆಜ್ಜೆ, ಮತ್ತೆ ವಾಪಸು ಓಡಿದ ಹೆಜ್ಜೆ. ಅವನು ಕಣ್ಣು ತೆರೆಯಲಿಲ್ಲ. ಹದಿನೇಳು ನಿಮಿಷ ಬಾಕಿಯಿತ್ತು, ಪೂರ್ತಿ ಕೂತ. ಅಂಥ ನಿಶ್ಚಲತೆ ಅವನಿಗೆ ಅದುವರೆಗೆ ಸಿಕ್ಕಿರಲಿಲ್ಲ ಎಂಬುದು ಈಗ ನೆನೆದರೆ ಮೈ ಜುಮ್ಮೆನ್ನಿಸುವ ಸಂಗತಿ. ಹೊರಗೆ ಬಂದಾಗ ತಂದೆ ಮಂಚದ ಮೇಲೆ ಒಣಗಿದ ಪಂಚೆಯುಟ್ಟು ಕಾಲು ಚಾಚಿ ಕೂತಿದ್ದರು, ಮಂಡಿಗೆ ಬಟ್ಟೆ ಸುತ್ತಿತ್ತು, ಅವಳು ಒದ್ದೆ ನೆಲ ಒರೆಸುತ್ತಿದ್ದಳು. ಏನೋ ಬಿತ್ತಲ್ಲ, ಎಂದು ಅವನು ಕೇಳಿದ. ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. ಕೇಳಿಸಿಲ್ಲ ಎಂದು ಅಂದೂ ಅಂದುಕೊಂಡ. ಅವಳಿಗೆ ಕೇಳಿಸುವುದಿಲ್ಲ ಎಂದಾದರೆ ಆ ಹದಿನೇಳು ನಿಮಿಷವೂ ಹೇಗೋ ಹಗುರಾಗುತ್ತದೆ, ಹೇಗೆಂದು ಅವನು ಬಿಡಿಸಿ ನೋಡಿಕೊಂಡಿರಲಿಲ್ಲ.

ಅವಳನ್ನು ಒಳಗೆ ಕೂರಿಸಿ, ಹೆಡ್‌ಫೋನು ತೊಡಿಸುವಾಗ ಅವಳ ಕಿವಿಯ ಹಿಂದಿನ ಕೂದಲನ್ನು ಸರಿಸಬೇಕಾಯಿತು. ಎಲ್ಲರಿಗೂ ಮಾಡುವ ಕೆಲಸವೇ. ಆದರೆ ಅಲ್ಲೊಂದು ಬಿಳಿ ಕೂದಲ ಕುಚ್ಚು ಇತ್ತು, ಅದನ್ನು ಅವನು ಮೊದಲು ನೋಡಿರಲಿಲ್ಲ. ಬಲಗೈಗೆ ಗುಂಡಿ ಕೊಟ್ಟು, ರೋಗಿಗಳಿಗೆ ಹೇಳುವುದನ್ನೇ ಹೇಳಿದ: ಸಣ್ಣಗೆ ಪೀ ಎಂದು ಸದ್ದು ಬರುತ್ತದೆ, ಎಷ್ಟೇ ಸಣ್ಣಗಿರಲಿ, ಕೇಳಿಸಿದ ಕೂಡಲೇ ಒತ್ತು. ಅವಳು ತಲೆಯಾಡಿಸಿದಳು. ಬಾಗಿಲು ಹಾಕಿಕೊಂಡು ಬಂದು ಮೆಷಿನ್ನಿನ ಮುಂದೆ ಕೂತ. ಗಾಜಿನಾಚೆ ಅವಳ ಮುಖ. ಹತ್ತು ಇಳಿಸಿ, ಐದು ಏರಿಸಿ, ಇದು ಅವನ ಕಸುಬಿನ ಮೂಲಮಂತ್ರ. ಕೇಳಿಸಿತೋ, ಸದ್ದನ್ನು ಹತ್ತು ಮೆಟ್ಟಿಲು ಇಳಿಸಬೇಕು. ಕೇಳಿಸಲಿಲ್ಲವೋ, ಐದು ಏರಿಸಬೇಕು. ಹೀಗೆ ಇಳಿದು ಏರಿ ಇಳಿದು ಏರಿ ಕೊನೆಗೆ ಒಂದು ಕಡೆ ನಿಲ್ಲುತ್ತದೆ. ಅದಕ್ಕಿಂತ ಕೆಳಗೆ ಮೌನ, ಮೇಲೆ ಲೋಕ. ಅವನಿಗೆ ಕೆಲಸ ಕಲಿಸಿದವರು ಅದನ್ನು ಹೊಸ್ತಿಲು ಎನ್ನುತ್ತಿದ್ದರು. ಪ್ರತಿಯೊಬ್ಬರಿಗೂ ಅವರವರ ಹೊಸ್ತಿಲು ಇರುತ್ತದಯ್ಯಾ, ಅದನ್ನು ಹುಡುಕಿ ಗುರುತು ಹಾಕುವುದಷ್ಟೇ ನಮ್ಮ ಕೆಲಸ.

ಬಲಗಿವಿ. ನಲವತ್ತು ಡೆಸಿಬಲ್‌ನಲ್ಲಿ ಕೊಟ್ಟ, ಹಸಿರು ದೀಪ ಮಿನುಗಿತು. ಮೂವತ್ತು, ಮಿನುಗಿತು. ಇಪ್ಪತ್ತು. ಹತ್ತು. ಸೊನ್ನೆಗೆ ಇಳಿಸಿದ. ಮಿನುಗಿತು. ಅವನು ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದ. ಸುಮ್ಮನೆ ಒತ್ತುತ್ತಿದ್ದಾಳೆಯೇ? ಮಕ್ಕಳು ಹಾಗೆ ಮಾಡುತ್ತವೆ, ಪರೀಕ್ಷೆ ಮಾಡುವವರಿಗೆ ಖುಷಿಯಾಗಲಿ ಎಂದು ಕೇಳಿಸದಿದ್ದರೂ ಒತ್ತುತ್ತವೆ. ಸದ್ದು ಕೊಡದೆ ಅರ್ಧ ನಿಮಿಷ ಕಾದ. ದೀಪ ಹತ್ತಲಿಲ್ಲ. ಕೊಟ್ಟ, ಹತ್ತಿತು. ಎತ್ತರದ ಸ್ವರ, ತಗ್ಗಿನ ಸ್ವರ, ಎಲ್ಲಕ್ಕೂ ಅಷ್ಟೇ. ಹಾಳೆಯ ಮೇಲೆ ಕೆಂಪು ಸೊನ್ನೆಗಳು ಮೇಲಿನ ಗೆರೆಗೆ ಅಂಟಿಕೊಂಡು ಸಾಲಾಗಿ ಬಂದವು, ಇಪ್ಪತ್ತು ವರ್ಷದವರಿಗೂ ಅಪರೂಪಕ್ಕೆ ಬರುವಂಥ ಸಾಲು. ಇವಳು ಈ ಕಿವಿ ಹೊತ್ತುಕೊಂಡು ಮನೆಯಲ್ಲಿ ಓಡಾಡುತ್ತಿದ್ದಾಳೆ. ಇವಳಿಗೆ ಅಡುಗೆಮನೆಯಲ್ಲಿ ನಿಂತರೆ ಅವನ ಕೋಣೆಯಲ್ಲಿ ಅವನು ಭಂಗಿ ಬದಲಿಸಿದ್ದು ಕೇಳಿಸಿರುತ್ತದೆ. ಸಂಜೆ ಎಷ್ಟೋ ಸಲ ಅವನು ಕೂರುವ ಬದಲು ಗೋಡೆಗೊರಗಿ ತೂಕಡಿಸಿದ್ದುಂಟು. ಆ ಗೊರಕೆ?

ಎಡಗಿವಿಯ ಮೇಲೆ ಇನ್ನೂ ಆಸೆಯಿತ್ತು. ಮೊದಲು ಹಾಗೇ ಸೊನ್ನೆ, ಸೊನ್ನೆ, ಐದು. ನೀಲಿ ಇಂಟು ಗುರುತುಗಳನ್ನು ಹಾಕುತ್ತ ಹೋದ. ನಾಲ್ಕು ಸಾವಿರ ಹರ್ಟ್ಸ್‌ಗೆ ಬಂದಾಗ ಇಪ್ಪತ್ತರಲ್ಲಿ ದೀಪ ಹತ್ತಲಿಲ್ಲ. ಐದು ಏರಿಸಿದ. ಇಲ್ಲ. ಇನ್ನೈದು. ಇಲ್ಲ. ಅವನ ಎದೆ ಹೊಡೆದುಕೊಳ್ಳತೊಡಗಿತು, ಮತ್ತು ಅದು ಭಯದಿಂದಲ್ಲ ಎಂಬುದು ಅವನಿಗೆ ತಿಳಿಯಿತು. ಮೂವತ್ತೈದು, ನಲವತ್ತು, ನಲವತ್ತೈದು. ಇದೆ, ಏನೋ ಇದೆ, ಅದಕ್ಕೇ ಉತ್ತರವಿಲ್ಲ, ಅದಕ್ಕೇ ತಿರುಗಿ ನೋಡುವುದಿಲ್ಲ. ಐವತ್ತರಲ್ಲಿ ಕೊಟ್ಟು ತಲೆಯೆತ್ತಿ ಗಾಜಿನಾಚೆ ನೋಡಿದ. ಅವಳ ಕಣ್ಣು ಮುಚ್ಚಿತ್ತು. ಗುಂಡಿ ಹಿಡಿದ ಕೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಹುಬ್ಬಿನ ನಡುವಿನ ಗಂಟು, ಅದು ಅವಳ ಮುಖದ ಭಾಗವೇ ಎಂದು ಅವನು ತಿಳಿದಿದ್ದ ಗಂಟು, ಬಿಚ್ಚಿಕೊಂಡಿತ್ತು. ಮೈಕಿನ ಸ್ವಿಚ್ಚು ಒತ್ತಿ, ನಿದ್ದೆ ಬಂತಾ, ಎಂದ. ಅವಳು ಕಣ್ಣು ತೆರೆದಳು.

“ಇಲ್ಲ. ಕೇಳಿಸ್ತಾ ಇತ್ತು,” ಎಂದಳು. ಒಳಗಿನ ಮೈಕಿನಿಂದ ಅವಳ ದನಿ ಅವನ ಮೇಜಿನ ಮೇಲಿನ ಪುಟ್ಟ ಸ್ಪೀಕರಿನಲ್ಲಿ ಬಂತು. “ಒತ್ತಲಿಲ್ಲ, ಅಷ್ಟೇ.”

ಅವನು ಎದ್ದು ಹೋಗಿ ಬಾಗಿಲು ತೆಗೆದ. ಅವಳು ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಂಡಳು, ಏಳಲಿಲ್ಲ. ಹಾಳೆಯನ್ನು ತೋರಿಸಿ, ನಿನ್ನ ಕಿವಿಗೆ ಏನೂ ಆಗಿಲ್ಲ ಎಂದು ಹೇಳಿದ. ಹೇಳಿದ ರೀತಿಯಲ್ಲಿ ಒಂದು ದೂರಿತ್ತು. ಗೊತ್ತು ಎಂದಳು. ಗೊತ್ತಿದ್ದರೆ ಯಾಕೆ ಬಂದೆ ಎಂದರೆ, ನೀವು ಕರೆದಿರಲ್ಲ, ಎಲ್ಲಿಗಾದರೂ ಬಾ ಎಂದು ನೀವು ಕರೆದು ಎಷ್ಟು ದಿನವಾಗಿತ್ತು, ಎಂದು ಸೆರಗನ್ನು ಸರಿಮಾಡಿಕೊಂಡಳು. ಕನ್ನಡಿಯ ಮುಂದಿನ ಆ ಹೆಚ್ಚಿನ ಒಂದು ನಿಮಿಷ ಅವನಿಗೆ ನೆನಪಾಯಿತು. ಎಲ್ಲಿ ನೋಡುವುದೆಂದು ತಿಳಿಯದೆ ಹಾಳೆಯನ್ನೇ ನೋಡಿದ.

“ನೀನೇ ಅಂದಿದ್ದೆಯಲ್ಲ,” ಎಂದ. “ಈಗೀಗ ಏನೂ ಕೇಳಲ್ಲ ಅಂತ. ನಾನು ಬಾಗಿಲು ಹಾಕ್ಕೊಳ್ತಿದ್ದೆ, ಕಿವಿಗೆ ಬಿತ್ತು.”

ಅವಳು ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕದ್ದರಿಂದ ನಡುವೆ ಕೆಮ್ಮು ಬಂತು. “ಕೇಳ್ಸಲ್ಲ ಅಂದಿದ್ದಲ್ಲ ರೀ. ಕೇಳಲ್ಲ ಅಂದಿದ್ದು. ನಿಮ್ಮನ್ನ. ಈಗೀಗ ಅವರನ್ನ ಏನೂ ಕೇಳಲ್ಲ, ಕೇಳೋದೇ ಬಿಟ್ಟಿದ್ದೀನಿ ಅಂತ ಮಾವನ ಹತ್ರ ಹೇಳ್ತಿದ್ದೆ. ಅವರಿಗೆ ಹೇಗೂ ಕೇಳ್ಸಲ್ಲ, ಅದಕ್ಕೇ ಅವರ ಹತ್ರ ಹೇಳೋದು.”

ಹದಿನಾಲ್ಕು ವರ್ಷ ದಿನಕ್ಕೆ ನೂರು ಸಲ, ಕೇಳಿಸಿತಾ ಕೇಳಿಸಿತಾ ಎಂದು ಕೇಳುವವನು ಆ ಎರಡರ ನಡುವೆ ಎಡವಿದ್ದ. ಅವಳು ಮಾತು ಮುಂದುವರಿಸಿದಳು, ಸಿಟ್ಟಿಲ್ಲದೆ, ಮಕ್ಕಳಿಗೆ ಪಾಠ ಹೇಳುವಷ್ಟೇ ನಿಧಾನವಾಗಿ. ಮೂವತ್ತು ದಿನದ್ದನ್ನು ಎರಡು ಸಲ ಹೇಳಿದಿರಿ, ಎರಡೂ ಸಲ ಕೇಳಿಸಿತ್ತು. ಹೋಗಿ ಎಂದರೆ ಹೋಗುತ್ತೀರಿ. ಬೇಡ ಎಂದರೆ ಮೂವತ್ತು ದಿನ ಮನೆಯಲ್ಲೇ ಮುಖ ಊದಿಸಿಕೊಂಡು ಕೂರುತ್ತೀರಿ. ಎರಡರಲ್ಲೂ ನೀವು ಇರುವುದಿಲ್ಲ, ಅದಕ್ಕೇ ಬಾಯಿ ಬಿಡಲಿಲ್ಲ. ಅವನಿಗೆ ಜೇಬಿನಲ್ಲಿದ್ದ ಕಾಗದ ಎದೆಗೆ ಒತ್ತಿತು. ಈಗ ತೆಗೆದರೆ ತೀರಾ ನಾಚಿಕೆಗೇಡು, ತೆಗೆಯದಿದ್ದರೆ ನಾಳೆ ಕೊನೆಯ ದಿನ ಎಂದು ಆ ಗಳಿಗೆಯಲ್ಲೂ ಮನಸ್ಸು ಹೇಳುತ್ತಿತ್ತಲ್ಲ, ಅದನ್ನು ಹಿಡಿದು ನಾಲ್ಕು ಬಾರಿಸಬೇಕೆನ್ನಿಸಿತು.

“ಅವತ್ತು ಬಚ್ಚಲಲ್ಲಿ...” ಎಂದು ತಾನೇ ಶುರುಮಾಡಿದ.

“ನಿಮಗೆ ಕೇಳಿಸಿತ್ತು.” ಅವಳು ಪ್ರಶ್ನೆಯಾಗಿ ಹೇಳಲಿಲ್ಲ.

“ಕೇಳಿಸಿತ್ತು.”

ಅಷ್ಟು ಸಣ್ಣ ಮಾತು ಹೊರಬರಲು ಒಂದು ವಾರ ಹಿಡಿದಿತ್ತು. ಅವಳು ಗುಂಡಿಯ ವಯರನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ನಾನು ಬಾಗಿಲ ತನಕ ಬಂದಿದ್ದೆ,” ಎಂದಳು. “ಬಡಿಯೋಣ ಅಂತ ಕೈ ಎತ್ತಿದ್ದೆ. ಅಷ್ಟರಲ್ಲಿ ಇವಳು ಬಂದು ಕೈ ಹಿಡ್ಕೊಂಡ್ಲು. ಅಮ್ಮಾ, ಅಪ್ಪ ಕೂತಿದ್ದಾರೆ ಅಂತ ಪಿಸುಗುಟ್ಟಿದ್ಲು. ತಾತ ಅಲ್ಲಿ ಬಿದ್ದಿದ್ದಾರೆ, ಮಗು ಇಲ್ಲಿ ಬಾಯಿ ಮೇಲೆ ಬೆರಳಿಟ್ಕೊಂಡು ನಿಂತಿದೆ. ಆಮೇಲೆ ನಾವಿಬ್ಬರೂ ಸೇರಿ ಎತ್ತಿದ್ವಿ.”

ಇಬ್ಬರೂ ಸೇರಿ. ಅದು ಅವನಿಗೆ ಗೊತ್ತಿರಲಿಲ್ಲ. ತಂದೆಯ ಭಾರದ ಮೈ, ಒದ್ದೆ ನೆಲ, ಹತ್ತು ವರ್ಷದ ತೋಳು. ಅಂದು ಅವನು ಹೊರಗೆ ಬಂದಾಗ ಮಗಳು ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದಳು, ಫ್ರಾಕಿನ ಅಂಚು ಒದ್ದೆಯಾಗಿತ್ತು, ಆ ಒದ್ದೆಯನ್ನು ಅವನ ಕಣ್ಣು ಕಂಡಿತ್ತು, ಅವನು ಕಂಡಿರಲಿಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಹೇಳಲು ಹೊರಟದ್ದು ಕ್ಷಮೆಯೋ ಸಮರ್ಥನೆಯೋ ಅವನಿಗೇ ಖಾತ್ರಿಯಿರಲಿಲ್ಲ. ಅವಳು ಅದನ್ನು ಕಾಯಲಿಲ್ಲ. ಸ್ಪಂಜಿನ ಗೋಡೆಯನ್ನು ಒಮ್ಮೆ ಅಂಗೈಯಿಂದ ಒತ್ತಿ ನೋಡಿ, ಇಲ್ಲಿ ಸ್ವಲ್ಪ ಹೊತ್ತು ಕೂತಿರಲಾ ಎಂದು ಕೇಳಿದಳು. ಕೂತಿರು ಎಂದ. ಅಭ್ಯಾಸಬಲದಿಂದ, ಎಷ್ಟು ಹೊತ್ತು ಎಂದೂ ಕೇಳಿಬಿಟ್ಟ.

“ನೀವು ಯಾವತ್ತಾದ್ರೂ ನಮಗೆ ಹೇಳಿ ಕೂತಿದ್ರಾ?” ಎಂದು ಅವಳು ಹೆಡ್‌ಫೋನನ್ನು ಮತ್ತೆ ಕಿವಿಗೆ ಏರಿಸಿಕೊಂಡಳು. “ಬಾಗಿಲು ಹಾಕಿ.”

ಬಾಗಿಲು ಹಾಕಿದ. ಮೆಷಿನ್ನಿನ ಮುಂದೆ ಬಂದು ಕೂತ. ಮಾಡಲು ಏನೂ ಇರಲಿಲ್ಲ. ತಾನೂ ಕಣ್ಣು ಮುಚ್ಚಿ ಕೂರಬಹುದಲ್ಲ ಎನ್ನಿಸಿತು, ಕೂತ. ಉಸಿರು ಒಳಗೆ, ಉಸಿರು ಹೊರಗೆ. ಕಣ್ಣು ತಾನಾಗಿ ತೆರೆಯಿತು. ಗಾಜಿನಾಚೆ ಅವಳು ಇಷ್ಟು ಹತ್ತಿರದಲ್ಲಿದ್ದಾಳೆ, ಇಷ್ಟು ಸ್ಪಷ್ಟವಾಗಿದ್ದಾಳೆ, ಆದರೆ ಕರೆದರೆ ಕೇಳಿಸದ ಕಡೆ ಇದ್ದಾಳೆ. ಹೊರಗೆ ಕೂತವರಿಗೆ ಹೀಗಿರುತ್ತದೆ ಎಂಬುದು ಅವನಿಗೆ ಹೊಸತು. ಅವಳು ಅಲ್ಲಿ ನಿಜವಾಗಿಯೂ ಸುಮ್ಮನಿದ್ದಾಳೆಯೇ, ಅವನ ಬಗ್ಗೆ ಯೋಚಿಸುತ್ತಿದ್ದಾಳೆಯೇ, ಎದ್ದು ಬಂದ ಮೇಲೆ ಅದೇ ಅವಳಾಗಿರುತ್ತಾಳೆಯೇ. ನಾಲ್ಕು ವರ್ಷದ ಅವನ ಕೂರುವಿಕೆ ಒಂದು ಕಡೆ, ಅವಳ ಈ ಐದು ನಿಮಿಷ ಒಂದು ಕಡೆ ಎಂಬ ಹೊಟ್ಟೆಕಿಚ್ಚೂ ಆಯಿತು. ಎಷ್ಟು ಸಲೀಸಾಗಿ ಕೂತುಬಿಟ್ಟಳು.

ಬೆಂಚಿನ ಮೇಲಿದ್ದ ಅವಳ ಕೈಚೀಲದಲ್ಲಿ ಫೋನು ಬಡಿದುಕೊಂಡಿತು. ಅವನು ಚೀಲಕ್ಕೆ ಕೈಹಾಕಿ ಹುಡುಕಿದ. ಬಾಚಣಿಗೆ, ಬಣ್ಣದ ಚಾಕ್‌ಪೀಸಿನ ತುಂಡು, ತಂದೆಯ ಮೆಷಿನ್ನಿಗೆ ಹಾಕುವ ಗುಂಡಿಯಷ್ಟು ಸಣ್ಣ ಸೆಲ್ಲುಗಳ ಪೊಟ್ಟಣ. ಫೋನು ಎತ್ತಿದ ಕೂಡಲೇ ಮಗಳ ಗಂಟಲು, ಅವನಿಗೆ ಮರೆತೇಹೋಗಿದ್ದ ಹಳೆಯ ಚಿನಕುರುಳಿಯ ಗಂಟಲು, ಪಟಪಟನೆ ಸಿಡಿಯಿತು: ಅಮ್ಮಾ ನೀನು ಎಲ್ಲಿದ್ದೀಯ, ತಾತ ಕಣ್ಣು ಉಜ್ಜಿಕೊಳ್ತಿದ್ದಾರೆ, ಬೇಡ ಅಂದ್ರೆ ನನ್ನನ್ನೇ ಬೈತಾರೆ, ನೀನು ಬೇಗ ಬಾ. ನಾನು, ಎಂದ ಅವನು. ಸಿಡಿಯುತ್ತಿದ್ದದ್ದು ನಿಂತಿತು.

“ಅಮ್ಮ ಎಲ್ಲಿ?”

ಗಾಜಿನ ಕಡೆ ನೋಡಿದ. ನಾಲಿಗೆಯ ತುದಿಗೆ ಬೇರೆ ಯಾವ ಮಾತೂ ಬರಲಿಲ್ಲ. “ಅಮ್ಮ ಕೂತಿದ್ದಾಳೆ,” ಎಂದ.

ಆ ಕಡೆಯ ದನಿ ಆ ಕ್ಷಣವೇ ಪಿಸುಮಾತಿಗೆ ಇಳಿಯಿತು. ಮೂವತ್ತು ಡೆಸಿಬಲ್, ಅದಕ್ಕಿಂತ ಹೆಚ್ಚಿಲ್ಲ. “ಎಷ್ಟೊತ್ತಾಗತ್ತೆ?” ಎಂದು ಕೇಳಿತು ಮಗು. ಗೊತ್ತಿಲ್ಲ ಎಂದ. ತನ್ನ ಬಾಗಿಲಿನ ಹೊರಗೆ ಈ ಪ್ರಶ್ನೆ ಈ ಪಿಸುದನಿಯಲ್ಲಿ ಎಷ್ಟು ಸಲ ಕೇಳಿಬಂದಿರಬೇಕು, ಅದಕ್ಕೆ ಅವಳು ಏನು ಉತ್ತರ ಕೊಡುತ್ತಿದ್ದಳು. ಏನು ಬೇಕಿತ್ತು ಹೇಳು ಎಂದರೆ, ಏನಿಲ್ಲ ಬಿಡಿ ಎಂದಿತು. ತಾಯಿಗೆ ನೀನು, ತನಗೆ ನೀವು. ಅದನ್ನೂ ಯಾರೂ ಹೇಳಿಕೊಟ್ಟದ್ದಲ್ಲ.

“ನನ್ನನ್ನ ಕೇಳು,” ಎಂದ.

“ಏನು?”

“ಅಮ್ಮನ್ನ ಏನು ಕೇಳ್ಬೇಕು ಅಂತಿದ್ದೆಯೋ, ಅದನ್ನ ನನ್ನನ್ನ ಕೇಳು.”

ದೂರದಲ್ಲಿ ತಂದೆಯ ಜೇಬಿನ ಮೆಷಿನ್ನು ಕುಯ್ಯೆನ್ನುವುದು ಕೇಳಿಸುತ್ತಿತ್ತು. ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದ. ಕೊನೆಗೆ ಬಂತು: “ತಾತಂಗೆ ಈ ಹೊತ್ತಿಗೆ ಹಾಕೋದು ಹಸಿರು ಮುಚ್ಚಳದ್ದಾ, ಬಿಳಿ ಮುಚ್ಚಳದ್ದಾ?”

ಅವನಿಗೆ ಗೊತ್ತಿರಲಿಲ್ಲ. ಕಣ್ಣಿನ ಆಪರೇಷನ್ ಆಗಿ ಮೂರು ವಾರ, ದಿನಕ್ಕೆ ನಾಲ್ಕು ಸಲ, ಅವನೆದುರೇ ಹಾಕುತ್ತಿದ್ದರು. ಮುಚ್ಚಳಕ್ಕೆ ಬಣ್ಣವಿದೆ ಎಂಬುದೇ ಗೊತ್ತಿರಲಿಲ್ಲ. ಬಂದು ನೋಡುತ್ತೇನೆ ಎಂದ. ಬೇಡ, ಅಮ್ಮ ಎದ್ದ ಮೇಲೆ ಅಮ್ಮನ್ನೇ ಕೇಳ್ತೀನಿ, ನೀವು ಎಬ್ಬಿಸಬೇಡಿ, ಎಂದು ಪಿಸುಗುಟ್ಟಿ ಮಗು ಫೋನನ್ನು ಮೆಲ್ಲಗೆ ಕೆಳಗಿಟ್ಟಿತು.

ಮೈಕಿನ ಸ್ವಿಚ್ಚು ಬೆರಳಿನ ಕೆಳಗೇ ಇತ್ತು. ಒಮ್ಮೆ ಒತ್ತಿ, ಹಸಿರಾ ಬಿಳಿಯಾ ಎಂದರೆ ಸಾಕು, ನೇರ ಅವಳ ಎರಡೂ ಕಿವಿಗೆ ಹೋಗುತ್ತದೆ, ಅವಳು ಕಣ್ಣು ತೆರೆಯದೆಯೇ ಹೇಳುತ್ತಾಳೆ. ಬೇಸರವನ್ನೂ ಮಾಡಿಕೊಳ್ಳುವುದಿಲ್ಲ. ಅವಳ ಹುಬ್ಬಿನ ನಡುವೆ ಆ ಗಂಟು ಮತ್ತೆ ಬಂದು ಕೂರುತ್ತದೆ, ಅಷ್ಟೇ. ಬೆರಳು ಸ್ವಿಚ್ಚಿನ ಮೇಲೆಯೇ ಇತ್ತು. ಅದನ್ನು ಎತ್ತುವುದು ಇಷ್ಟು ಕಷ್ಟವಾಗಬೇಕೇ ಎಂದು ಅಚ್ಚರಿಪಡುತ್ತ ಅವನು ಬೆರಳನ್ನು ಎತ್ತಿದ. ಬೂತಿನ ಬಾಗಿಲಿಗೆ ಒಳಗಿನಿಂದಲೂ ಹಿಡಿಯಿದೆ, ಅವಳು ಬೇಕೆಂದಾಗ ಬರಬಹುದು. ಪೆನ್ನು ಸಿಕ್ಕಿತು. ಮೇಜಿನ ಮೇಲಿದ್ದ ಅವಳ ಕಿವಿಯ ಹಾಳೆಯ ಮೇಲೆ ಬರೆಯಲು ಮನಸ್ಸಾಗಲಿಲ್ಲ. ಅವಸರದಲ್ಲಿ ಕೈಗೆ ಸಿಕ್ಕ ಇನ್ನೊಂದು ಕಾಗದದ ಖಾಲಿ ಮಗ್ಗುಲಿನಲ್ಲಿ ‘ಔಷಧಿ ಹಾಕಲು ಮನೆಗೆ ಹೋಗಿದ್ದೇನೆ, ನೀನು ಕೂತಿರು’ ಎಂದು ದಪ್ಪಗೆ ಬರೆದು, ಅಕ್ಷರ ಅವಳಿಗೆ ಕಾಣುವಂತೆ ಕಿಟಕಿಯ ರಬ್ಬರಿನ ಅಂಚಿಗೆ ಸಿಕ್ಕಿಸಿದ. ಅವಳ ಫೋನನ್ನು ಚೀಲದ ಮೇಲಿಟ್ಟ. ಮುಂಬಾಗಿಲನ್ನು ಸದ್ದಾಗದಂತೆ ಬೆರಳು ಒಡ್ಡಿ ಎಳೆದುಕೊಂಡ. ತುದಿಗಾಲಲ್ಲಿ ಮೆಟ್ಟಿಲಿಳಿದ, ಡಾಕ್ಟರರ ಬಾಗಿಲು ದಾಟಿದ, ಬೀದಿಗೆ ಬಂದ.

ಬಿಸಿಲಿಗೆ ಕಾದ ನೆಲ ಅಂಗಾಲಿಗೆ ಚುರ್ರೆಂದಾಗಲೇ ಚಪ್ಪಲಿ ಕೈಯಲ್ಲಿರುವುದು ಅವನಿಗೆ ತಿಳಿದದ್ದು. ಬೂತಿನೊಳಗೆ ಕೂತವರಿಗೆ ಚಪ್ಪಲಿಯ ಸದ್ದು ಕೇಳಿಸದು ಎಂದು ಅವನಷ್ಟು ಚೆನ್ನಾಗಿ ಯಾರಿಗೆ ಗೊತ್ತು. ಹಾಕಿಕೊಳ್ಳಲು ಬಾಗಿದ. ಬಾಗಿದಾಗ ಅಂಗಿಯ ಜೇಬು ಹಗುರಾಗಿ ಮುಂದಕ್ಕೆ ಜೋತಿತು. ಮುಟ್ಟಿ ನೋಡಿದ, ಖಾಲಿ. ಅವಳು ಎದ್ದು ಹೊರಗೆ ಬರುತ್ತಾಳೆ, ಗಾಜಿನ ಈಚೆಯಿಂದ ಅವಳಿಗೆ ಮೊದಲು ಕಾಣುವುದು ಅರ್ಜಿಯ ಮುಂಭಾಗ, ಅವನ ಹೆಸರು, ವಯಸ್ಸು, ಒಪ್ಪಿಗೆಯ ಖಾಲಿ ಗೆರೆ. ಅರಿಯದ ಅವಸರವೋ, ಅವಸರದ ಮರೆಯಲ್ಲಿ ಅದೇ ಹಳೆಯ ಚಾಳಿಯೋ, ಎಷ್ಟು ಕೆದಕಿದರೂ ಅವನಿಗೆ ಉತ್ತರ ಸಿಗಲಿಲ್ಲ. ಕೇಳಿದಂತಾಯಿತು, ಮೂರನೆಯ ಸಲ. ಓಡಿ ಹತ್ತಿ ಹೋಗಿ ಕಿತ್ತುಕೊಂಡು ಬರಬಹುದು. ಹಾಗೆ ಮಾಡಿದರೆ ಅವಳು ಕಣ್ಣು ತೆರೆಯುತ್ತಾಳೆ. ಎರಡನೆಯ ಮಹಡಿಯ ಮುಚ್ಚಿದ ಕಿಟಕಿಯನ್ನು ತಲೆಯೆತ್ತಿ ನೋಡಿದ. ಆಮೇಲೆ ಮನೆಯ ದಾರಿ ಹಿಡಿದು, ಹಸಿರು, ಬಿಳಿ, ಹಸಿರು, ಬಿಳಿ ಎಂದು ಗೊಣಗುತ್ತ ಬೇಗಬೇಗ ನಡೆಯತೊಡಗಿದ. ಚಪ್ಪಲಿ ಇನ್ನೂ ಕೈಯಲ್ಲೇ ಇತ್ತು.